ಆರಾಮ ಇದ್ದಾಗಲೇ ಬನ್ನಿ

ಬಸವಕಲ್ಯಾಣ, ಹುಮನಾಬಾದ ಕಡೆಯ ಹೆಪಟೈಟಿಸ್ ಬಿ ರೋಗಿಗಳಲ್ಲಿ ಬಹಳ ಮಂದಿ ನನ್ನ ಹತ್ತಿರ ಬರುವುದು ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ. ಅಷ್ಟರೊಳಗೆ ಕಾಮಣಿಗೆಂದು ನಾಟಿ ಔಷಧ ಮುಗಿದಿರುತ್ತದೆ, ಲಿವರ್ ಗಟ್ಟಿಯಾಗಿ ಸಿರೋಸಿಸ್ ಬಲಿತಿರುತ್ತದೆ. ಅಂಥವರೂ ವರ್ಷಗಟ್ಟಲೆ ಬಾಳಿದ್ದನ್ನು ಕಂಡಿದ್ದೇನೆ. ಅವರು ತಪಾಸಣೆಯ ತಾರೀಖು ತಪ್ಪಿಸಿದವರಲ್ಲ.

1. ಗುಳಿಗೆ ಬಿಡಬೇಡಿ. ಟೆನೊಫೊವಿರ್ ಆಗಲಿ, ಎಂಟೆಕಾವಿರ್ ಆಗಲಿ ವೈರಸ್ಸನ್ನು ಅದುಮಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ರಿಪೋರ್ಟಿನಲ್ಲಿ ವೈರಸ್ ಕಾಣಲಿಲ್ಲವೆಂದು ನಿಲ್ಲಿಸಿದರೆ ಮತ್ತೆ ಏಳುತ್ತದೆ. ಸೋತ ಲಿವರ್ ಆ ಹೊಡೆತ ತಾಳುವುದಿಲ್ಲ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೊರಟವರನ್ನು ಮೊದಲು ಕೇಳುವುದೇ ಇದು: ಎಷ್ಟು ತಿಂಗಳ ಗುಳಿಗೆ ಕಟ್ಟಿಕೊಂಡಿದ್ದೀರಿ? 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಔಷಧ ಉಚಿತ.

2. ಆರು ತಿಂಗಳಿಗೊಮ್ಮೆ ಸೋನೋಗ್ರಫಿ, ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ. ಲಿವರ್ ಕ್ಯಾನ್ಸರ್ ಗಡ್ಡೆ ಸಣ್ಣದಿದ್ದಾಗ ನೋಯುವುದಿಲ್ಲ, ಈ ಪರೀಕ್ಷೆಗಳಲ್ಲೇ ಕಾಣಬೇಕು. ಗುಳಿಗೆಯಿಂದ ಅದರ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

3. ಫೈಲ್ ಒಂದೇ ಇರಲಿ. ನಮ್ಮವರು ಒಮ್ಮೆ ಕಲಬುರಗಿ, ಒಮ್ಮೆ ಸೊಲ್ಲಾಪುರ, ಇನ್ನೊಮ್ಮೆ ಹೈದರಾಬಾದ್ ಎಂದು ಓಡಾಡುತ್ತಾರೆ. ಹೋದಲ್ಲೆಲ್ಲ ಹೊಸ ಚೀಟಿ. ಬಿಲಿರುಬಿನ್, ಅಲ್ಬುಮಿನ್, ಐಎನ್ಆರ್, ಕ್ರಿಯಾಟಿನಿನ್, ಪ್ಲೇಟ್‌ಲೆಟ್ ಇವುಗಳ ಇಂದಿನ ಅಂಕಿಗಿಂತ ಹೋದ ಸಲದಿಂದ ಎಷ್ಟು ಸರಿದಿದೆ ಎಂಬುದೇ ನನಗೆ ಮುಖ್ಯ.

4. ದಿನಾ ತೂಕ ನೋಡಿ. ಬೆಳಿಗ್ಗೆ ಸಂಡಾಸಿಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ವಾರದಲ್ಲಿ ಎರಡು ಕಿಲೋ ಏರಿದರೆ ಅದು ಮೈ ಕೈ ತುಂಬಿಕೊಂಡದ್ದಲ್ಲ, ನೀರು. ನೀರು ಇಳಿಸುವ ಗುಳಿಗೆಯನ್ನು ನೀವೇ ಹೆಚ್ಚಿಸಿಕೊಂಡರೆ ಕಿಡ್ನಿಗೆ ಪೆಟ್ಟು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಅದರೊಳಗೇ ಎಲ್ಲ ಅಡುಗೆ. ಪಲ್ಯಕ್ಕೆ ಉಪ್ಪು ಕಡಿಮೆ ಹಾಕುವ ಮನೆಗಳಲ್ಲೂ ಖಡಕ್ ರೊಟ್ಟಿಯ ಪಕ್ಕ ಉಪ್ಪಿನಕಾಯಿ, ಹಿಂಡಿ, ಹಪ್ಪಳ ಇದ್ದೇ ಇರುತ್ತವೆ. ಉಪ್ಪೆಲ್ಲ ಅಲ್ಲಿಂದ ಬರುತ್ತದೆ. ಬೇಳೆ, ಮೊಸರು, ಶೇಂಗಾ ಮಾತ್ರ ಬಿಡಬೇಡಿ. ಶ್ರಾವಣದ ಉಪವಾಸವಿರಲಿ, ರಂಜಾನ್ ರೋಜಾ ಇರಲಿ, ಈ ರೋಗಿಗೆ ಬೇಡ. ರಾತ್ರಿ ಮಲಗುವ ಮುನ್ನವೂ ಏನಾದರೂ ತಿನ್ನಬೇಕು.

5. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ, ಅಂಗಿ ಗುಂಡಿ ತಪ್ಪಾಗಿ ಹಾಕಿಕೊಳ್ಳುವುದು: ಇದನ್ನು ಮೊದಲು ಗುರುತಿಸುವವರು ಮನೆಯವರು. ಅದು ಗಾಳಿಯಲ್ಲ, ದೆವ್ವವಲ್ಲ. ಲಿವರ್ ತೆಗೆಯಲಾಗದ ವಿಷ ಮಿದುಳಿಗೆ ಏರಿದೆ. ಮಲಬದ್ಧತೆ ಇದನ್ನು ಕೆರಳಿಸುತ್ತದೆ. ಅಂದೇ ಆಸ್ಪತ್ರೆಗೆ ಕರೆತನ್ನಿ.

6. ಅನ್ನನಾಳದ ರಕ್ತನಾಳ ಉಬ್ಬಿದೆಯೇ ಎಂದು ಎಂಡೋಸ್ಕೋಪಿಯಿಂದ ತಿಳಿಯಬೇಕು. ಅದು ಒಡೆದು ರಕ್ತ ಸೋರಿ ಮಲ ಡಾಂಬರಿನಂತೆ ಕಪ್ಪಾದರೆ ಬೆಳಗಿನವರೆಗೆ ಕಾಯಬೇಡಿ. ಮೈಕೈ ನೋವಿಗೆ ಅಂಗಡಿಯ ಡೈಕ್ಲೋಫೆನಾಕ್ ಬೇಡವೇ ಬೇಡ, ಸೆರೆ ಒಂದು ಗುಟುಕೂ ಬೇಡ.

7. ಈ ವೈರಸ್ ತಾಯಿಯಿಂದ ಮಗುವಿಗೆ, ಗಂಡನಿಂದ ಹೆಂಡತಿಗೆ ಹೋಗುತ್ತದೆ. ಒಟ್ಟಿಗೆ ಉಂಡರೆ, ಒಂದೇ ಚೆಂಬಿನಲ್ಲಿ ಕುಡಿದರೆ ಹರಡುವುದಿಲ್ಲ. ಆದ್ದರಿಂದ ರೋಗಿಯ ತಟ್ಟೆ ಬೇರೆ ಮಾಡಬೇಡಿ, ಮನೆಯವರ ರಕ್ತ ಪರೀಕ್ಷೆ ಮಾಡಿಸಿ. ಸೋಂಕಿಲ್ಲದವರಿಗೆ ಲಸಿಕೆ ಇದೆ. ಹುಟ್ಟಿದ ಕೂಸಿಗೆ ಅದು 24 ಗಂಟೆಯೊಳಗೆ ಬೀಳಬೇಕು. ಮುಂದಿನ ತಪಾಸಣೆಗೆ ಬರುವಾಗ ಒಬ್ಬರೇ ಬರಬೇಡಿ, ಹೆಂಡತಿ ಮಕ್ಕಳು, ಅಣ್ಣ ತಮ್ಮಂದಿರನ್ನೂ ಕರೆದುಕೊಂಡು ಬನ್ನಿ.