‘ನೋಡಿ’ ಎಂಬ ಸೂಚನೆ: ಜಾಲತಾಣಗಳಲ್ಲಿ ಮರುನಿರ್ದೇಶನ

ಸಿದ್ಧರಾಮನ ಊರನ್ನು ಕುರಿತು ಓದಬಯಸುವ ವಿದ್ಯಾರ್ಥಿಯು ಗ್ರಂಥಸೂಚಿಯಲ್ಲಿ ‘ಸೊನ್ನಲಿಗೆ’ ಎಂದು ಹುಡುಕುತ್ತಾನೆ. ಅಲ್ಲಿ ‘ಸೊಲ್ಲಾಪುರ ನೋಡಿ’ ಎಂದಿದ್ದರೆ ಅವನ ದಾರಿ ತಪ್ಪುವುದಿಲ್ಲ. ಆ ಎರಡು ಪದಗಳಿಲ್ಲದಿದ್ದರೆ ವಿಷಯವೇ ಇಲ್ಲವೆಂದು ಪುಸ್ತಕ ಮುಚ್ಚುತ್ತಾನೆ. ಜಾಲತಾಣಗಳಲ್ಲಿ ಈ ‘ನೋಡಿ’ಯ ಕೆಲಸವನ್ನು ಮಾಡುವುದೇ ಮರುನಿರ್ದೇಶನ, ಅಂದರೆ ರಿಡೈರೆಕ್ಟ್.

ಪುಟವೊಂದರ ವಿಳಾಸ ಬದಲಾಗಿದೆಯೆನ್ನಿ. ಓದುಗನ ಬ್ರೌಸರ್ ಹಳೆಯ ವಿಳಾಸವನ್ನು ಕೇಳಿದಾಗ ಸರ್ವರ್ ಪುಟದ ಬದಲು ಒಂದು ಸಂಖ್ಯೆಯನ್ನೂ ಹೊಸ ವಿಳಾಸವನ್ನೂ ಕಳುಹಿಸುತ್ತದೆ. ಬ್ರೌಸರ್ ತಾನಾಗಿಯೇ ಹೊಸ ವಿಳಾಸಕ್ಕೆ ಹೋಗುತ್ತದೆ. 301 ಎಂದರೆ ಸ್ಥಳಾಂತರ ಶಾಶ್ವತ. 302 ಎಂದರೆ ತಾತ್ಕಾಲಿಕ. ಯಾವ ಸೂಚನೆಯೂ ಇಲ್ಲದೆ ಪುಟ ಕಾಣೆಯಾಗಿದ್ದರೆ ಬರುವ ಉತ್ತರ 404.

ಜಾವಾ ಭಾಷೆಯ ‘ಸ್ಪ್ರಿಂಗ್’ ಎಂಬ ಫ್ರೇಮ್‌ವರ್ಕಿನಲ್ಲಿ ಇದನ್ನು ಪ್ರೋಗ್ರಾಮಿನೊಳಗೇ ಬರೆಯಬಹುದು. ಆದರೆ ಹಾಗೆ ಬರೆದರೆ ಪ್ರತಿಯೊಂದು ವಿಳಾಸ ಬದಲಾದಾಗಲೂ ಪ್ರೋಗ್ರಾಮನ್ನು ತಿದ್ದಿ, ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ. ಬರೆದವರು ಬೇರೆಡೆಗೆ ಹೋದರೆ ತಿದ್ದುವವರೇ ಇರುವುದಿಲ್ಲ. ಇದಕ್ಕಿಂತ ಉತ್ತಮವಾದ ಮಾರ್ಗವೆಂದರೆ ವಿಳಾಸಗಳ ಪಟ್ಟಿಯನ್ನು ಪ್ರತ್ಯೇಕ ಸಂರಚನಾ ಕಡತದಲ್ಲಿ ಇಡುವುದು: ಎಡಕ್ಕೆ ‘/ಸೊನ್ನಲಿಗೆ’, ಬಲಕ್ಕೆ ‘/ಸೊಲ್ಲಾಪುರ’. ತಂತ್ರಾಂಶ ಆರಂಭವಾಗುವಾಗ ಈ ಪಟ್ಟಿಯನ್ನು ಓದಿ, ಪ್ರತಿ ಜೋಡಿಯನ್ನೂ ಸ್ಪ್ರಿಂಗ್‌ಗೆ ತಿಳಿಸುವ ಕೆಲವು ಸಾಲುಗಳನ್ನು ಒಮ್ಮೆ ಬರೆದಿಟ್ಟರೆ ಸಾಕು. ಮುಂದೆ ಜಾವಾ ಅರಿಯದವರೂ ಪಟ್ಟಿಗೆ ಒಂದು ಸಾಲು ಸೇರಿಸಿ, ತಂತ್ರಾಂಶವನ್ನು ಮರಳಿ ಆರಂಭಿಸಿದರೆ ಕೆಲಸ ಮುಗಿಯಿತು.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು: ನಾವು ಬೇರೆ ಹೇಳದಿದ್ದರೆ ಸ್ಪ್ರಿಂಗ್ 302 ಎಂದೇ ಉತ್ತರಿಸುತ್ತದೆ, ಸ್ಥಳಾಂತರ ಶಾಶ್ವತವಾದರೆ 301 ಎಂದು ನಾವೇ ಸೂಚಿಸಬೇಕು. ಆದರೆ 301ನ್ನು ಬ್ರೌಸರ್ ನೆನಪಿಟ್ಟುಕೊಳ್ಳುವುದರಿಂದ ತಪ್ಪಾಗಿ ಕೊಟ್ಟದ್ದನ್ನು ಹಿಂಪಡೆಯುವುದು ಕಷ್ಟ. ಎರಡನೆಯದು: ‘ಅ’ ಎಂಬಲ್ಲಿ ‘ಆ ನೋಡಿ’, ‘ಆ’ ಎಂಬಲ್ಲಿ ‘ಅ ನೋಡಿ’ ಎಂದು ಬರೆದ ನಿಘಂಟಿನಂತೆ ಎರಡು ವಿಳಾಸಗಳು ಒಂದನ್ನೊಂದು ತೋರಿಸಬಾರದು. ಮೂರನೆಯದು: ಹೋಗಬೇಕಾದ ವಿಳಾಸವನ್ನು ಸಂದರ್ಶಕನು ಕಳುಹಿಸಿದ ಕೋರಿಕೆಯಿಂದಲೇ ಎತ್ತಿಕೊಳ್ಳಬಾರದು, ವಂಚಕರು ನಮ್ಮ ತಾಣದ ಹೆಸರಿನಲ್ಲಿ ಓದುಗರನ್ನು ತಮ್ಮಲ್ಲಿಗೆ ಸೆಳೆದಾರು. ನಾವೇ ಬರೆದಿಟ್ಟ ಪಟ್ಟಿಯಲ್ಲಿ ಈ ಭಯವಿಲ್ಲ.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದೇನು? ನೀವು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಕೊಟ್ಟ ಜಾಲವಿಳಾಸವು ಅಚ್ಚಾದ ಬಳಿಕ ಬದಲಾಗದು. ತಾಣವಾದರೋ ಬದಲಾಗುತ್ತಲೇ ಇರುತ್ತದೆ. ಮರುನಿರ್ದೇಶನವಿಲ್ಲದಿದ್ದರೆ ನಿಮ್ಮ ವಾದಕ್ಕೆ ಕೊಟ್ಟ ಆಧಾರವನ್ನು ಮುಂದಿನವರು ಪರೀಕ್ಷಿಸಲಾರರು. ನಾಳೆ ನಿಮ್ಮಲ್ಲಿ ಕೆಲವರು ಕನ್ನಡ ತಾಣಗಳನ್ನು ನೋಡಿಕೊಳ್ಳುವವರಾಗಬಹುದು. ಆಗ ಹಳೆಯ ವಿಳಾಸವನ್ನು ಅಳಿಸುವ ಮುನ್ನ ಅದರ ಮುಂದೆ ‘ನೋಡಿ’ ಎಂದು ಬರೆಯುವುದನ್ನು ಮರೆಯದಿರಿ.

ಅಭ್ಯಾಸ: ನಿಮ್ಮ ಪ್ರಬಂಧದಲ್ಲಿ ಉಲ್ಲೇಖಿಸಿದ ಐದು ಜಾಲವಿಳಾಸಗಳನ್ನು ಇಂದು ತೆರೆಯಿರಿ. ಎಷ್ಟು ನೇರವಾಗಿ ತೆರೆದುಕೊಂಡವು, ಎಷ್ಟು ಹೊಸ ವಿಳಾಸಕ್ಕೆ ಕರೆದೊಯ್ದವು, ಎಷ್ಟು 404 ಎಂದವು ಎಂಬುದನ್ನು ಗುರುತು ಮಾಡಿಕೊಂಡು ತರಗತಿಗೆ ತನ್ನಿರಿ.