ಇಲಿಯನ್ನು ಎತ್ತಿಕೊಳ್ಳುವ ಮುನ್ನ

ಪ್ರೀತಿಯ ಮಗಳೇ,

ಸೋಮವಾರದಿಂದ ಲ್ಯಾಬಿನ ಇಲಿಗಳು ನಿನ್ನ ಕೈಗೆ ಬರುತ್ತವೆ ಎಂದು ತಿಳಿದು ಸಂತೋಷವಾಯಿತು. ನಿನ್ನಂತೆ ಈ ಕೆಲಸಕ್ಕೆ ಹೊಸದಾಗಿ ಬರುವ ಎಲ್ಲರಿಗೂ ಹೇಳಬೇಕಾದ ಮಾತೊಂದಿದೆ. ಅದಕ್ಕೇ ಈ ಕಾಗದ.

ಮೊದಲು ಒತ್ತಡದ ವಿಚಾರ. ಇಲಿಯನ್ನು ಅಲುಗಾಡದಂತೆ ಕಟ್ಟಿಟ್ಟು ಒತ್ತಡ ಕೊಟ್ಟರೆ ಅದರ ಅಡ್ರಿನಲ್ ಗ್ರಂಥಿ ಕಾರ್ಟಿಕೊಸ್ಟಿರಾನ್ ಸುರಿಸುತ್ತದೆ. ಆ ಹಾರ್ಮೋನು ರಕ್ತದ ಜೊತೆ ಮಿದುಳಿಗೆ ಹೋಗಿ, ನರಕೋಶದೊಳಗೆ ಕಾದಿರುವ ಗ್ರಾಹಕ ಪ್ರೋಟೀನನ್ನು ಕೂಡಿಕೊಂಡು ಸೀದಾ ಕೋಶಕೇಂದ್ರ ಸೇರುತ್ತದೆ. ಅಲ್ಲಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಡಿಎನ್ಎಯ ಅಕ್ಷರ ಒಂದೂ ಬದಲಾಗುವುದಿಲ್ಲ. ಯಾವುದನ್ನು ಎಷ್ಟು ಓದಬೇಕು ಎಂಬುದು ಬದಲಾಗುತ್ತದೆ. ನರಕೋಶ ಕೆರಳಿದ್ದನ್ನು ತೋರಿಸುವ ಸಿ-ಫಾಸ್ ಜೀನ್ ಇಷ್ಟನ್ನೂ ಕಾಯುವುದಿಲ್ಲ, ನಿಮಿಷಗಳಲ್ಲೇ ಎದ್ದಿರುತ್ತದೆ.

ಪರಿಣಾಮ ಎಷ್ಟು ದಿನ ಉಳಿಯುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿಯವರ ತಂಡ ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಇಲಿಗಳನ್ನು ಕಟ್ಟಿಟ್ಟು ನೋಡಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕೊಂಬೆಗಳು ಕುಗ್ಗಿದ್ದವು, ಭಯದ ನೆಲೆಯಾದ ಅಮಿಗ್ಡಲದಲ್ಲಿ ಬೆಳೆದಿದ್ದವು. ಇದು ಅಚ್ಚಾದದ್ದು 2002ರಲ್ಲಿ. ಒಂದೇ ಒಂದು ಸಲ, ಎರಡು ಗಂಟೆ ಕಟ್ಟಿಟ್ಟರೆ? ಮರುದಿನ ಅಮಿಗ್ಡಲದಲ್ಲಿ ಏನೂ ಕಾಣಲಿಲ್ಲ. ಹತ್ತು ದಿನದ ಮೇಲೆ ನರಕೊಂಬೆಗಳಲ್ಲಿ ಮುಳ್ಳಿನಂಥ ಹೊಸ ಚಾಚುಗಳು (ಸ್ಪೈನ್) ಮೂಡಿದ್ದವು, ಇಲಿಯ ಆತಂಕವೂ ಹೆಚ್ಚಿತ್ತು.

ನ್ಯೂಯಾರ್ಕಿನಲ್ಲಿ ಬ್ರೂಸ್ ಮೆಕ್‌ಈವನ್ ತಂಡ 21 ದಿನ ಒತ್ತಡ ಕೊಟ್ಟ ಸುಂಡಿಲಿಗಳಿಗೆ ಮತ್ತೆ 21 ದಿನ ವಿಶ್ರಾಂತಿ ಕೊಟ್ಟಿತು. ನಡವಳಿಕೆ ಸರಿಹೋಯಿತು. ಆದರೆ ಹೊಸದೊಂದು ಒತ್ತಡ ಎದುರಾದಾಗ ಅವುಗಳ ಹಿಪೊಕ್ಯಾಂಪಸ್‌ನ ಜೀನ್‌ಗಳು ಎಂದೂ ಒತ್ತಡ ಕಾಣದ ಸುಂಡಿಲಿಗಳ ಹಾಗೆ ವರ್ತಿಸಲಿಲ್ಲ. ನನ್ನನ್ನು ಬಹಳ ಕಾಡಿದ್ದು ಈ ಫಲಿತಾಂಶವೇ.

ಒತ್ತಡ ಕೊಡಲು ಕಟ್ಟಿಡಲೇಬೇಕೆಂದಿಲ್ಲ. ನಾವು ಕಲಿಯುವಾಗ ಇಲಿಯನ್ನು ಬಾಲ ಹಿಡಿದೇ ಎತ್ತುತ್ತಿದ್ದೆವು. ಯಾರೂ ಬೇಡವೆನ್ನಲಿಲ್ಲ. ತಲೆಕೆಳಗಾದ ಆ ಪುಟ್ಟ ಜೀವ ಮುಂಗಾಲು ಚಾಚಿ ಗಾಳಿಯಲ್ಲಿ ಆಸರೆ ಹುಡುಕುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. 2010ರಲ್ಲಿ ಲಿವರ್‌ಪೂಲ್‌ನ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ತೋರಿಸಿಕೊಟ್ಟರು: ಬಾಲ ಹಿಡಿದೆತ್ತಿದ ಸುಂಡಿಲಿ ಕೈ ಕಂಡರೆ ದೂರ ಸರಿಯುತ್ತದೆ, ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದ್ದು ಹತ್ತಿರ ಬರುತ್ತದೆ. ಅಂದಮೇಲೆ ಯಾವ ಒತ್ತಡವನ್ನೂ ಕೊಟ್ಟಿಲ್ಲ ಎಂದು ನೀನು ಬರೆದುಕೊಳ್ಳುವ ಕಂಟ್ರೋಲ್ ಗುಂಪಿನ ಇಲಿಯೂ ನಿನ್ನ ಒರಟು ಕೈಯಿಂದ ಒತ್ತಡ ಉಂಡಿರಬಹುದು. ಆಗ ನೀನು ಅಳೆಯುವುದು ಏನನ್ನು? ಇಲಿಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ಆದ್ದರಿಂದ ಮೊದಲ ವಾರ ಪ್ರಯೋಗ ಬೇಡ. ದಿನಾ ಒಂದೇ ಹೊತ್ತಿಗೆ ಹೋಗು. ಕೇಜಿನ ಮುಚ್ಚಳ ಸದ್ದಾಗದಂತೆ ತೆಗೆ. ಅಂಗೈ ಚಾಚಿ ಸುಮ್ಮನೆ ಕೂತಿರು, ಅವು ಬಂದು ಮೂಸಿ ನೋಡಲಿ. ಯಾವ ಇಲಿಯನ್ನು ಯಾರು, ಎಷ್ಟು ಹೊತ್ತಿಗೆ ಎತ್ತಿದರು ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡು.

ಇತಿ,
ನಿನ್ನ ಮೇಷ್ಟ್ರು