ಸೂಜಿಗಿಂತ ಮೊದಲು ಮಾತು: ಹೊಸ ನರ್ಸ್‌ಗಳಿಗೆ ಏಳು ಹೆಜ್ಜೆ

ಗದುಗಿನ ಜಿಮ್ಸ್ ಆಸ್ಪತ್ರೆಗೆ ಬೆಟಗೇರಿಯ ನೇಕಾರರು ಬರುತ್ತಾರೆ, ಲಕ್ಷ್ಮೇಶ್ವರದ ಉರ್ದು ಮನೆಮಾತಿನವರು ಬರುತ್ತಾರೆ, ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಿಂದ ಲಂಬಾಣಿ ಹೆಣ್ಣುಮಕ್ಕಳೂ ಬರುತ್ತಾರೆ. ವೈದ್ಯರು ರೌಂಡ್ಸ್ ಮುಗಿಸಿ ಹೋದ ಮೇಲೆ ಹಗಲು ರಾತ್ರಿ ಇವರ ಹತ್ತಿರ ಇರುವವರು ನರ್ಸ್. ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲೊ 1952ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನರ್ಸ್ ಮತ್ತು ರೋಗಿಯ ಸಂಬಂಧವನ್ನೇ ಶುಶ್ರೂಷೆಯ ತಿರುಳೆಂದು ಕಂಡರು. ಅಪರಿಚಿತರಾಗಿ ಎದುರಾದ ಇಬ್ಬರ ನಡುವೆ ನಂಬಿಕೆ ಬೆಳೆದರೆ ಮಾತ್ರ ಚಿಕಿತ್ಸೆ ಮುಂದೆ ಸಾಗುತ್ತದೆ. ಆ ನಂಬಿಕೆ ಗಳಿಸುವ ಕ್ರಮ ಹೀಗಿದೆ.

1. ಪರಿಚಯ ಮಾಡಿಕೊಳ್ಳಿ

ರೋಗಿಯನ್ನು ‘ಹತ್ತನೇ ಬೆಡ್’ ಎಂದು ಕರೆಯಬೇಡಿ. ‘ಅಜ್ಜಾರ, ಇವತ್ತ ರಾತ್ರಿ ಡ್ಯೂಟಿ ನಂದೈತ್ರಿ. ಏನರ ಬೇಕಾದ್ರ ನನ್ನ ಕರೀರಿ’ ಎಂದರೆ ಅರ್ಧ ಭಯ ಇಳಿಯುತ್ತದೆ. ಔಷಧ ಕೊಡುವ ಮುನ್ನ ಮಾತ್ರ ಅವರ ಪೂರ್ತಿ ಹೆಸರನ್ನು ಅವರ ಬಾಯಿಂದಲೇ ಕೇಳಿ, ಕೇಸ್ ಶೀಟಿನೊಂದಿಗೆ ತಾಳೆ ನೋಡಿ.

2. ಅವರ ಮಾತಿನಲ್ಲೇ ಕೇಳಿ

‘ಎದಿ ಉರಿತೈತಿ’, ‘ಜೀವಾ ಕಳಮಳ ಆಗತೈತಿ’ ಎಂದರೆ ಅಸಿಡಿಟಿ ಎಂದು ಮುಗಿಸಬೇಡಿ. ಯಾವಾಗಿನಿಂದ, ಎಲ್ಲಿ, ನೋವು ಕೈಗೆ ಅಥವಾ ದವಡೆಗೆ ಹರಡುತ್ತಿದೆಯೇ, ಬೆವರು ಬಂದಿದೆಯೇ ಎಂದು ಕೇಳಿ. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತವಾದರೂ ಜೋರು ನೋವು ಕಾಣದೆ ಇರಬಹುದು. ಸಂಶಯ ಬಂದರೆ ತಡಮಾಡದೆ ವೈದ್ಯರನ್ನು ಕರೆಯಿರಿ. ಇಸಿಜಿ 10 ನಿಮಿಷದೊಳಗೆ ಆಗಬೇಕು.

3. ಭಾಷೆ ಮತ್ತು ಮರ್ಯಾದೆ ನೋಡಿಕೊಳ್ಳಿ

ಲಂಬಾಣಿ ಅಥವಾ ಉರ್ದು ಮಾತ್ರ ಬಲ್ಲವರಿಗೆ ಆ ಭಾಷೆಯ ಸಿಬ್ಬಂದಿಯನ್ನೋ, ಜೊತೆಗೆ ಬಂದ ಆಶಾ ಕಾರ್ಯಕರ್ತೆಯನ್ನೋ ಕರೆದುಕೊಳ್ಳಿ. ಮಕ್ಕಳಿಂದ ಅನುವಾದ ಮಾಡಿಸಬೇಡಿ. ಮುಟ್ಟು, ಗರ್ಭ, ಮನೆಯ ಹಿಂಸೆಯ ಪ್ರಶ್ನೆಗಳನ್ನು ಪರದೆ ಎಳೆದು, ಅತ್ತೆ, ಗಂಡ ಇಲ್ಲದಾಗ ಕೇಳಿ.

4. ಹೇಳಿಸಿ, ಮಾಡಿಸಿ ನೋಡಿ

‘ತಿಳೀತಾ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಭೇದಿಯಾದ ಮಗುವಿನ ತಾಯಿಗೆ ಓಆರ್‌ಎಸ್ ಪೊಟ್ಟಣ ಕೊಟ್ಟಾಗ ಒಂದು ಲೀಟರಿನ ಬಾಟಲಿಯನ್ನೂ ಅವಳ ಮುಂದಿಡಿ. ‘ಅವ್ವಾರ, ಮನಿಯಾಗ ಹೆಂಗ ಕಲಸ್ತೀರಿ, ಮಾಡಿ ತೋರಸ್ರಿ’ ಅನ್ನಿ. ಲೋಟ ನೀರಿಗೆ ಇಡೀ ಪೊಟ್ಟಣ ಸುರಿಯಲು ಹೋದರೆ ಅಲ್ಲೇ ತಡೆಯಬಹುದು, ಏಕೆಂದರೆ ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ. ಕಲಸಿದ್ದನ್ನು 24 ತಾಸಿನೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಹೀಗೆ ಮಾಡಿಸಿ ನೋಡಲು ಎರಡೇ ನಿಮಿಷ ಸಾಕು.

5. ಮನೆಯವರಲ್ಲಿ ಒಬ್ಬರನ್ನು ಗುರುತಿಸಿ

ರೋಗಿಯನ್ನೇ ಕೇಳಿ, ಅವರು ಒಪ್ಪಿದ ಒಬ್ಬರಿಗೆ ವಿವರ ತಿಳಿಸುತ್ತಿರಿ. ‘ಏನೂ ಆಗಂಗಿಲ್ಲ’ ಎಂಬ ಭರವಸೆ ಕೊಡಬೇಡಿ. ‘ಡಾಕ್ಟರ್ ನೋಡ್ಯಾರ, ರಕ್ತದ ರಿಪೋರ್ಟ್ ಬಂದ ಕೂಡಲೇ ಹೇಳ್ತೀವ್ರಿ’ ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಯಾರೂ ಏನೂ ಹೇಳದೆ ಕಾಯಿಸಿದಾಗಲೇ ಸಿಟ್ಟು ಏರುವುದು.

6. ವೈದ್ಯರೊಡನೆ ಕ್ರಮವಾಗಿ ಮಾತಾಡಿ

ಲಕ್ಷ್ಮೇಶ್ವರ, ಮುಂಡರಗಿಯಿಂದ ಗದುಗಿಗೆ ಸುಮಾರು 40 ಕಿ.ಮೀ. ಅಲ್ಲಿನ ಆಸ್ಪತ್ರೆಯಿಂದ ರೋಗಿಯನ್ನು ಜಿಮ್ಸ್‌ಗೆ ಕಳುಹಿಸುವ ಮೊದಲು ಮಾಡುವ ಫೋನಿನಲ್ಲಿ ನಾಲ್ಕು ಸಂಗತಿ ಇರಲಿ: ಈಗೇನಾಗಿದೆ, ಹಿನ್ನೆಲೆ ಏನು, ನೀವು ಕಂಡದ್ದೇನು, ಏನು ಬೇಕು. ಮಾದರಿಗೆ: ‘ಹೆರಿಗೆಯಾಗಿ ಒಂದು ತಾಸಾಗಿದೆ, ರಕ್ತಸ್ರಾವ ನಿಂತಿಲ್ಲ. ಎರಡನೇ ಹೆರಿಗೆ, ಹಿಮೋಗ್ಲೋಬಿನ್ 8 ಇತ್ತು. ನಾಡಿ 120, ಬಿಪಿ 90/60. ಆಕ್ಸಿಟೋಸಿನ್ ಕೊಟ್ಟಿದ್ದೇವೆ, ಸಲೈನ್ ನಡೆದಿದೆ. 108ರಲ್ಲಿ ಕಳುಹಿಸುತ್ತಿದ್ದೇವೆ, ರಕ್ತ ಸಿದ್ಧವಿರಲಿ.’ ಇಷ್ಟು ತಿಳಿದರೆ ಆಂಬುಲೆನ್ಸ್ ಮುಟ್ಟುವುದರೊಳಗೆ ಅಲ್ಲಿ ತಯಾರಿ ಆಗಿರುತ್ತದೆ.

ಫೋನಿನಲ್ಲಿ ಹೇಳಿದ ಔಷಧವನ್ನು ಬರೆದುಕೊಂಡು ಓದಿ ಹೇಳಿ, ‘ಹೌದು’ ಅನ್ನಿಸಿಕೊಳ್ಳಿ. ಡೋಪಮಿನ್, ಡೊಬುಟಮಿನ್ ಕಿವಿಗೆ ಒಂದೇ ಥರ ಕೇಳುತ್ತವೆ. ಸಂಶಯವಿದ್ದರೆ ಅಕ್ಷರ ಬಿಡಿಸಿ ಕೇಳಿ.

7. ಮನೆಗೆ ಕಳಿಸುವಾಗ ಅವರ ದಿನಚರಿಗೆ ಹೊಂದಿಸಿ

‘ಊಟಕ್ಕೆ ಮುಂಚೆ’ ಎಂದಷ್ಟೇ ಹೇಳಿದರೆ ಸಾಲದು. ಬೆಳಿಗ್ಗೆ ಹೊಲಕ್ಕೆ ಹೋಗುವವರು ಎಷ್ಟು ಗಂಟೆಗೆ ರೊಟ್ಟಿ ತಿನ್ನುತ್ತಾರೆ ಎಂದು ಕೇಳಿ, ಸಕ್ಕರೆ ಗುಳಿಗೆಯ ಹೊತ್ತನ್ನು ಅದಕ್ಕೆ ಜೋಡಿಸಿ. ಕೆಲವು ಸಕ್ಕರೆ ಗುಳಿಗೆ ನುಂಗಿ ಉಣ್ಣದಿದ್ದರೆ ಸಕ್ಕರೆ ಕುಸಿಯುತ್ತದೆ. ಕೈ ನಡುಗಿ, ಬೆವರು ಬಂದು, ತಲೆ ತಿರುಗಿದರೆ ಕೂಡಲೇ ಸಕ್ಕರೆ ಅಥವಾ ಬೆಲ್ಲ ತಿನ್ನಲು ತಿಳಿಸಿ. ಮತ್ತೆ ಬರುವ ದಿನವನ್ನು ಚೀಟಿಯಲ್ಲಿ ಬರೆದು, ಓದಿ ಹೇಳಿ.

ವಾರ್ಡಿನಲ್ಲಿ ರೋಗಿಗಳು ಹೆಚ್ಚು, ನರ್ಸ್‌ಗಳು ಕಡಿಮೆ ಎಂಬುದು ನಿಜ. ಹಾಗಾಗಿ ಏಳನ್ನೂ ಒಂದೇ ದಿನ ಹಿಡಿಯಬೇಕಿಲ್ಲ. ಈ ವಾರ ನಾಲ್ಕನೇ ಹೆಜ್ಜೆಯಿಂದ ಶುರು ಮಾಡಿ. ಹಿರಿಯ ಸಿಸ್ಟರ್‌ಗಳು ಡ್ಯೂಟಿ ಬದಲಾಗುವಾಗ ಕಿರಿಯರನ್ನು ರೋಗಿಯ ಮಂಚದ ಬಳಿ ನಿಲ್ಲಿಸಿಕೊಂಡು ಇದನ್ನು ಮಾಡಿ ತೋರಿಸಲಿ. ಮಾತೂ ಚಿಕಿತ್ಸೆಯ ಭಾಗ. ಅದನ್ನು ಕಲಿಯಬಹುದು, ಕಲಿಸಲೇಬೇಕು.